‘ಹ್ಯಾಮ್ಲೆಟ್’ ಓದುವವರಿಗೆ: ಯಾವ ಆವೃತ್ತಿ ಕೊಳ್ಳಬೇಕು, ಗೈಡನ್ನು ಯಾವಾಗ ತೆರೆಯಬೇಕು

ಕೆಲವು ವರ್ಷಗಳ ಹಿಂದೆ ಎಂ.ಎ. ತರಗತಿಯಲ್ಲಿ ‘ಹ್ಯಾಮ್ಲೆಟ್’ ಪಾಠ ನಡೆದಿತ್ತು. ನಾಲ್ಕನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ, ಪೋಲೆಂಡಿನತ್ತ ಹೊರಟ ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸನ ಸೈನ್ಯವನ್ನು ಕಂಡು ಹ್ಯಾಮ್ಲೆಟ್ ತನ್ನನ್ನು ತಾನೇ ಹಳಿದುಕೊಳ್ಳುವ ಸ್ವಗತವನ್ನು ಗಟ್ಟಿಯಾಗಿ ಓದುವಂತೆ ಒಬ್ಬ ವಿದ್ಯಾರ್ಥಿನಿಗೆ ಹೇಳಿದೆ. ಅವಳು ಹಿಂದಕ್ಕೂ ಮುಂದಕ್ಕೂ ಪುಟ ತಿರುವಿ, “ಸರ್, ನನ್ನ ಪುಸ್ತಕದಲ್ಲಿ ಅದಿಲ್ಲ” ಎಂದಳು. ಅವಳ ಪುಸ್ತಕದಲ್ಲಿ ಆ ದೃಶ್ಯ ಎಂಟೊಂಬತ್ತು ಸಾಲಿಗೇ ಮುಗಿದಿತ್ತು. ಪಕ್ಕದವನ ಪುಸ್ತಕದಲ್ಲಿ ಅದೇ ದೃಶ್ಯ ಅರವತ್ತು ಸಾಲು ದಾಟಿತ್ತು. ಇಬ್ಬರ ಚೀಲದಲ್ಲಿಯೂ ಇದ್ದ ಗೈಡಿನಲ್ಲಿ ಆ ಸ್ವಗತದ ಮೇಲೆ ಎರಡು ಪುಟಗಳ ಪ್ರಶ್ನೋತ್ತರವಿತ್ತು. ಪುಟ ಕಳಚಿಹೋಗಿದೆಯೆಂದು ಭಾವಿಸಿ ಅವಳು ಪುಸ್ತಕವನ್ನು ಅಂಗಡಿಗೆ ಹಿಂತಿರುಗಿಸಲು ಹೊರಟಿದ್ದಳು. ಪುಸ್ತಕದಲ್ಲಿ ದೋಷವೇನೂ ಇರಲಿಲ್ಲ. ಅದರ ಸಂಪಾದಕರು ಆ ಭಾಗವನ್ನು ಬೇಕೆಂದೇ ತೆಗೆದು ಕೊನೆಯ ಅನುಬಂಧದಲ್ಲಿ ಇಟ್ಟಿದ್ದರು. ಹೀಗಾಗಬಹುದೆಂದು ವರ್ಷದ ಮೊದಲ ದಿನವೇ ನಾನು ತಿಳಿಸಬೇಕಾಗಿತ್ತು. ಅಂದು ಹೇಳದೆ ಉಳಿದದ್ದನ್ನು, ನಾಟಕವನ್ನು ಮೊದಲ ಸಲ ಕೈಗೆತ್ತಿಕೊಳ್ಳುವವರಿಗೆ ನೆರವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ‘ಹ್ಯಾಮ್ಲೆಟ್’ ಎಂಬ ಒಂದೇ ಪಠ್ಯ ಇಲ್ಲವೆಂಬುದು. ಶೇಕ್ಸ್‌ಪಿಯರನ ಕೈಬರಹದ ಪ್ರತಿ ಉಳಿದಿಲ್ಲ. ಉಳಿದಿರುವುದು ಮೂರು ಹಳೆಯ ಮುದ್ರಣಗಳು. 1603ರಲ್ಲಿ ಅಚ್ಚಾದ ಮೊದಲ ಕ್ವಾರ್ಟೊ (ಹಾಳೆಯನ್ನು ಎರಡು ಸಲ ಮಡಿಚಿ ಕಟ್ಟಿದ ಸಣ್ಣ ಆಕಾರದ ಪುಸ್ತಕಕ್ಕೆ ಈ ಹೆಸರು) ಸುಮಾರು 2,200 ಸಾಲುಗಳ ಚಿಕ್ಕ ಪುಸ್ತಕ. ಎರಡನೆಯ ಕ್ವಾರ್ಟೊದ ಕೆಲವು ಪ್ರತಿಗಳ ಮೇಲೆ 1604 ಎಂದೂ ಕೆಲವುಗಳ ಮೇಲೆ 1605 ಎಂದೂ ಇದೆ. ಅದರಲ್ಲಿ ಸುಮಾರು 3,800 ಸಾಲುಗಳಿದ್ದು, ಮೊದಲಿದ್ದುದರ ಹೆಚ್ಚುಕಡಿಮೆ ಇಮ್ಮಡಿಯಾಗಿ ಹಿಗ್ಗಿಸಿದ್ದೆಂದು ಅದರ ಮುಖಪುಟವೇ ಹೇಳಿಕೊಳ್ಳುತ್ತದೆ. ನಾಟಕಕಾರ ತೀರಿಕೊಂಡ ಏಳು ವರ್ಷಗಳ ಮೇಲೆ, 1623ರಲ್ಲಿ, ಅವನ ತಂಡದ ನಟರಾಗಿದ್ದ ಹೆಮಿಂಜಸ್ ಮತ್ತು ಕಾಂಡೆಲ್ ಅವರು 36 ನಾಟಕಗಳನ್ನು ಒಟ್ಟುಗೂಡಿಸಿ ತಂದ ದೊಡ್ಡ ಸಂಪುಟ ಮೂರನೆಯದು. ಅದನ್ನು ಫಸ್ಟ್ ಫೋಲಿಯೊ ಎನ್ನುತ್ತಾರೆ. ಎರಡನೆಯ ಕ್ವಾರ್ಟೊದಲ್ಲಿರುವ ಸುಮಾರು 230 ಸಾಲುಗಳು ಫೋಲಿಯೊದಲ್ಲಿಲ್ಲ. ಫೋಲಿಯೊದಲ್ಲಿರುವ ಸುಮಾರು 70 ಸಾಲುಗಳು ಆ ಕ್ವಾರ್ಟೊದಲ್ಲಿಲ್ಲ. (ಮುಂದೆ ಬರಿಯ ಕ್ವಾರ್ಟೊ ಎಂದರೆ ಈ ಎರಡನೆಯದೇ.) ನನ್ನ ವಿದ್ಯಾರ್ಥಿನಿಗೆ ಸಿಗದ ಸ್ವಗತ ಕ್ವಾರ್ಟೊದ ಸೊತ್ತು. ‘ಡೆನ್ಮಾರ್ಕ್ ಒಂದು ಸೆರೆಮನೆ’ ಎಂಬ, ಎಲ್ಲರೂ ಉದ್ಧರಿಸುವ ಮಾತು ಫೋಲಿಯೊದ್ದು.

ಮೊದಲ ಕ್ವಾರ್ಟೊದ ವಿಷಯವೇ ಬೇರೆ. ಅದರಲ್ಲಿ ರಾಜನ ಮಂತ್ರಿ ಪೊಲೋನಿಯಸನ ಹೆಸರು ಕೊರಾಂಬಿಸ್. ‘ಟು ಬಿ, ಆರ್ ನಾಟ್ ಟು ಬಿ’ ಆದ ಮೇಲೆ ‘ದಟ್ ಈಸ್ ದ ಕ್ವೆಸ್ಚನ್’ ಬರುವುದಿಲ್ಲ, ‘ಐ, ದೇರ್ಸ್ ದ ಪಾಯಿಂಟ್’ ಎಂದು ಬರುತ್ತದೆ. ಚಿಕ್ಕ ಪಾತ್ರ ಮಾಡಿದ ನಟನೊಬ್ಬ ನೆನಪಿನಿಂದ ಹೇಳಿ ಬರೆಸಿದ ಪಾಠವಿದು ಎಂದು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. 1823ರವರೆಗೆ ಹೀಗೊಂದು ಮುದ್ರಣ ಇತ್ತೆಂಬುದೇ ಓದುಗರಿಗೆ ತಿಳಿದಿರಲಿಲ್ಲ. ಪರೀಕ್ಷೆಗೆ ಓದುವವರು ಇದನ್ನು ಕೊಳ್ಳಬೇಕಾಗಿಲ್ಲ, ಆದರೆ ಗೆಳೆಯರು ಸೇರಿ ಒಂದು ಸಂಜೆ ಗಟ್ಟಿಯಾಗಿ ಓದಿ ನೋಡಿದರೆ ಅದರ ಓಟ ಎಷ್ಟು ಚುರುಕೆಂದು ತಿಳಿಯುತ್ತದೆ.

ಪಂಪನನ್ನೋ ಕುಮಾರವ್ಯಾಸನನ್ನೋ ಸಂಪಾದಿತ ಆವೃತ್ತಿಯಲ್ಲಿ ಓದಿದ ಕನ್ನಡಿಗರಿಗೆ ಇದು ತೀರ ಹೊಸದೆನಿಸಬಾರದು. ಪುಟದ ಕೆಳಗೆ ಪಾಠಾಂತರಗಳ ಸಾಲನ್ನು ನಾವು ಕಂಡಿದ್ದೇವೆ. ಅಲ್ಲಿ ಓಲೆಗರಿಯನ್ನು ನಕಲು ಮಾಡಿದ ಲಿಪಿಕಾರರ ಕೈ. ಇಲ್ಲಿ ಅಚ್ಚುಮೊಳೆ ಜೋಡಿಸಿದವರ ಕೈ. ಸಂಪಾದಕನ ಕಷ್ಟ ಎರಡೂ ಕಡೆ ಒಂದೇ: ಮುಂದಿರುವ ಪಾಠಗಳಲ್ಲಿ ಒಂದನ್ನು ಆಧಾರವಾಗಿ ಹಿಡಿಯಬೇಕೋ, ಎಲ್ಲವನ್ನೂ ಬೆರೆಸಿ ಒಂದು ತುಂಬು ಪಾಠವನ್ನು ಕಟ್ಟಬೇಕೋ ಎಂಬುದನ್ನು ಅವನು ತೀರ್ಮಾನಿಸಲೇಬೇಕು. ಆದುದರಿಂದ ಪುಸ್ತಕ ಕೈಗೆ ಬಂದೊಡನೆ, ಕತೆಯ ಸಾರಾಂಶಕ್ಕೂ ಮುನ್ನ, ‘ಪಠ್ಯದ ಕುರಿತು’ ಎಂಬ ಅರ್ಥದ ತಲೆಬರಹವಿರುವ ಪುಟವನ್ನು ಹುಡುಕಿ ಓದಬೇಕು. ಅದು ಒಂದೆರಡು ಪುಟದಷ್ಟಿದ್ದರೂ ಸಾಕು. ಅಂತಹ ಪುಟವೇ ಇಲ್ಲದ ‘ಹ್ಯಾಮ್ಲೆಟ್’ ಎಷ್ಟು ಅಗ್ಗಕ್ಕೆ ಸಿಕ್ಕರೂ ಅಧ್ಯಯನಕ್ಕೆ ಒದಗುವುದಿಲ್ಲ.

ಅಂಗಡಿಯಲ್ಲಿ ನಿಂತು ಇಡೀ ಪೀಠಿಕೆಯನ್ನು ಓದಲಾಗುವುದಿಲ್ಲವಷ್ಟೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯ ಮುಂದೆ ನಿಂತಾಗ ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸಬೇಕಾಗುತ್ತದೆ. ಆಗ ನಾನು ನಾಲ್ಕೈದು ಕಡೆ ಮಾತ್ರ ಪುಟ ತೆರೆಯುತ್ತೇನೆ. ಮೊದಲನೆಯದು ಆಗಲೇ ಹೇಳಿದ ನಾಲ್ಕನೆಯ ಅಂಕದ ನಾಲ್ಕನೆಯ ದೃಶ್ಯ. ಸ್ವಗತ ಅಲ್ಲಿಯೇ ಇದ್ದರೆ, ಎರಡನೆಯ ಅಂಕದ ಎರಡನೆಯ ದೃಶ್ಯಕ್ಕೆ ಹೋಗಿ ‘ಡೆನ್ಮಾರ್ಕ್ ಸೆರೆಮನೆ’ಯ ಮಾತೂ ಇದೆಯೇ ಎಂದು ನೋಡುತ್ತೇನೆ. ಎರಡೂ ಇದ್ದರೆ ಅದು ಬೆರೆಸಿದ ಪಾಠ. ಮೊದಲನೆಯದು ಮಾತ್ರ ಇದ್ದರೆ ಕ್ವಾರ್ಟೊ ಪಾಠ. ಎರಡನೆಯದು ಮಾತ್ರ ಇದ್ದರೆ ಫೋಲಿಯೊ ಪಾಠ. ಎರಡೂ ಇಲ್ಲದಿದ್ದರೆ ಅದು ಸಂಕ್ಷೇಪವಾಗಿರಬೇಕು, ಇಲ್ಲವೆ ಮೊದಲ ಕ್ವಾರ್ಟೊ ಆಗಿರಬೇಕು. ಕೊನೆಯ ಪುಟವೂ ಸುಳಿವು ಕೊಡುತ್ತದೆ: ‘ದ ರೆಸ್ಟ್ ಈಸ್ ಸೈಲೆನ್ಸ್’ ಎಂದ ಮೇಲೆ ಫೋಲಿಯೊದಲ್ಲಿ ‘ಓ, ಓ, ಓ, ಓ’ ಎಂಬ ನರಳಿಕೆ ಅಚ್ಚಾಗಿದೆ, ಕ್ವಾರ್ಟೊದಲ್ಲಿ ಇಲ್ಲ. ಫೋಲಿಯೊವನ್ನು ಅನುಸರಿಸುವ ಸಂಪಾದಕರಲ್ಲಿಯೂ ಕೆಲವರು ಅದನ್ನು ಕೈಬಿಡುವುದರಿಂದ ಈ ಒಂದೇ ಗುರುತನ್ನು ನಂಬಿಕೊಳ್ಳಬಾರದು.

ಮುಂದಿನ ಪರೀಕ್ಷೆ ಟಿಪ್ಪಣಿಯದು. ಮೊದಲ ಅಂಕದ ನಾಲ್ಕನೆಯ ದೃಶ್ಯದ ಕೊನೆಯಲ್ಲಿ, ಪ್ರೇತದ ಹಿಂದೆ ಹೋಗದಂತೆ ಗೆಳೆಯರು ತಡೆದಾಗ, ಹ್ಯಾಮ್ಲೆಟ್ ಕತ್ತಿ ಹಿರಿದು ‘ಐಲ್ ಮೇಕ್ ಎ ಗೋಸ್ಟ್ ಆಫ್ ಹಿಮ್ ದಟ್ ಲೆಟ್ಸ್ ಮಿ’ ಎನ್ನುತ್ತಾನೆ. ಇಂದಿನ ಇಂಗ್ಲಿಷ್ ಬಲ್ಲವರು ಇದನ್ನು ‘ನನಗೆ ಬಿಟ್ಟುಕೊಡುವವನನ್ನು ಪ್ರೇತ ಮಾಡಿಬಿಡುತ್ತೇನೆ’ ಎಂದು ಅರ್ಥಮಾಡಿಕೊಂಡು ತಬ್ಬಿಬ್ಬಾಗುತ್ತಾರೆ. ಆ ಕಾಲದಲ್ಲಿ ‘ಲೆಟ್’ ಎಂಬುದಕ್ಕೆ ತಡೆ ಎಂಬ ಅರ್ಥವೂ ಇತ್ತು. ‘ನನ್ನನ್ನು ತಡೆದವನನ್ನು’ ಎಂಬುದೇ ಇಲ್ಲಿನ ಅರ್ಥ. ‘ಡೌಟ್’ ಎಂಬ ಪದವೂ ಇಂತಹದೇ: ‘ಐ ಡೌಟ್ ಸಮ್ ಫೌಲ್ ಪ್ಲೇ’ ಎಂದರೆ ಮೋಸ ನಡೆದಿರಬಹುದೆಂಬ ಗುಮಾನಿ ತನಗಿದೆ ಎಂದೇ ಹೊರತು, ನಡೆದಿರಲಾರದು ಎಂದಲ್ಲ. ಕಠಿಣ ಪದ ಕಂಡರೆ ಓದುಗ ತಾನೇ ನಿಘಂಟು ತೆರೆಯುತ್ತಾನೆ. ಪರಿಚಿತವೆಂದು ತೋರಿ ದಾರಿತಪ್ಪಿಸುವ ಪದ ಬಂದಾಗ ಮಾತ್ರ ಅವನಿಗೆ ಸಂಶಯವೇ ಹುಟ್ಟುವುದಿಲ್ಲ. ಈ ಎರಡು ಕಡೆಗಳಲ್ಲಿ ಟಿಪ್ಪಣಿ ಕೊಡದ ಪುಸ್ತಕವನ್ನು ನಾನು ರಾಶಿಗೇ ಮರಳಿಸುತ್ತೇನೆ.

ಮತ್ತೊಂದು ಕಡೆ, ಮೊದಲ ಅಂಕದ ಎರಡನೆಯ ದೃಶ್ಯದ ಸ್ವಗತ. ‘ಈ ದೇಹ ಕರಗಿ ನೀರಾಗಬಾರದೇ’ ಎಂದು ಹಂಬಲಿಸುವ ಸಾಲಿನಲ್ಲಿ ದೇಹಕ್ಕೆ ಫೋಲಿಯೊ ಕೊಡುವ ವಿಶೇಷಣ ‘ಸಾಲಿಡ್’, ಎಂದರೆ ಘನವಾದದ್ದು. ಎರಡೂ ಕ್ವಾರ್ಟೊಗಳಲ್ಲಿ ‘ಸ್ಯಾಲೀಡ್’ ಎಂದಿದೆ. ಅದನ್ನು ‘ಸಲ್ಲೀಡ್’, ಎಂದರೆ ಮಲಿನವಾದದ್ದು, ಎಂದು ಓದಬೇಕೆಂದು ವಿದ್ವಾಂಸ ಡೋವರ್ ವಿಲ್ಸನ್ ಬಲವಾಗಿ ವಾದಿಸಿದರು. ಕರಗುವ ಮಾತಿಗೆ ಘನವೆಂಬುದು ಒಪ್ಪುತ್ತದೆ. ತಾಯಿಯ ಅವಸರದ ಮರುಮದುವೆಯಿಂದ ತನ್ನ ಮೈಗೂ ಕೊಳೆ ಅಂಟಿತೆಂಬ ಜಿಗುಪ್ಸೆಗೆ ಮಲಿನವೆಂಬುದು ಒಪ್ಪುತ್ತದೆ. ಒಳ್ಳೆಯ ಆವೃತ್ತಿಯ ಸಂಪಾದಕ ತನ್ನ ಆಯ್ಕೆ ಯಾವುದು, ಅದಕ್ಕೆ ಕಾರಣವೇನು ಎಂಬುದನ್ನು ಟಿಪ್ಪಣಿಯಲ್ಲಿ ತಿಳಿಸಿರುತ್ತಾನೆ. ಅವನ ಆಯ್ಕೆಯನ್ನು ನೀವು ಒಪ್ಪದಿರಬಹುದು. ಆದರೆ ಅಲ್ಲಿ ಆಯ್ಕೆಯೊಂದು ನಡೆದಿದೆಯೆಂಬುದೇ ತಿಳಿಯದಂತೆ ಅಚ್ಚುಮಾಡಿದ ಪುಸ್ತಕ ನಿಮ್ಮ ಪರವಾಗಿ ತಾನೇ ತೀರ್ಮಾನಿಸಿಬಿಟ್ಟಿರುತ್ತದೆ.

ಈಗ ಆವೃತ್ತಿಗಳ ಹೆಸರಿಗೆ ಬರೋಣ. ಆರ್ಡನ್ ಮಾಲೆಯ ಎರಡನೆಯ ಸರಣಿಯಲ್ಲಿ ಹೆರಾಲ್ಡ್ ಜೆಂಕಿನ್ಸ್ 1982ರಲ್ಲಿ ಹೊರತಂದದ್ದು ಬೆರೆಸಿದ ಪಾಠ. ಸುದೀರ್ಘ ಟಿಪ್ಪಣಿಗಳಿಗಾಗಿ ಅದನ್ನು ಇಂದಿಗೂ ಹುಡುಕಿ ಓದುತ್ತಾರೆ. ಅದೇ ಮಾಲೆಯ ಮೂರನೆಯ ಸರಣಿಯಲ್ಲಿ ಆ್ಯನ್ ಥಾಂಪ್ಸನ್ ಮತ್ತು ನೀಲ್ ಟೇಲರ್ 2006ರಲ್ಲಿ ಬೇರೆಯದೇ ದಾರಿ ಹಿಡಿದು ಮೂರೂ ಪಾಠಗಳನ್ನು ಬೆರೆಸದೆ ಕೊಟ್ಟರು: ಒಂದು ಸಂಪುಟದಲ್ಲಿ ಎರಡನೆಯ ಕ್ವಾರ್ಟೊ, ಇನ್ನೊಂದರಲ್ಲಿ ಉಳಿದೆರಡು. ಮೊದಲ ಸಂಪುಟವನ್ನಷ್ಟೇ ಕೊಂಡವರು ‘ಡೆನ್ಮಾರ್ಕ್ ಸೆರೆಮನೆ’ಯನ್ನು ಅನುಬಂಧದಲ್ಲಿ ಹುಡುಕಬೇಕಾಗುತ್ತದೆ. ಆಕ್ಸ್‌ಫರ್ಡಿಗಾಗಿ ಜಿ.ಆರ್. ಹಿಬ್ಬರ್ಡ್ 1987ರಲ್ಲಿ ಸಂಪಾದಿಸಿದ ಪುಸ್ತಕಕ್ಕೆ ಫೋಲಿಯೊ ಆಧಾರ. ಅಲ್ಲಿ ಅನುಬಂಧ ಸೇರಿದ್ದು ಕ್ವಾರ್ಟೊದ ಭಾಗಗಳು. ನ್ಯೂ ಕೇಂಬ್ರಿಜ್ ಮಾಲೆಗಾಗಿ ಫಿಲಿಪ್ ಎಡ್ವರ್ಡ್ಸ್ 1985ರಲ್ಲಿ ಸಿದ್ಧಪಡಿಸಿದ ಆವೃತ್ತಿ ಎರಡನ್ನೂ ಸೇರಿಸಿಕೊಂಡು, ಕ್ವಾರ್ಟೊದಲ್ಲಿ ಮಾತ್ರ ಇರುವ ಭಾಗಗಳನ್ನು ಚೌಕ ಕಂಸದಲ್ಲಿ ಇಡುತ್ತದೆ. ಬಿ.ಎ. ವಿದ್ಯಾರ್ಥಿಗೆ, ಅಥವಾ ಪರೀಕ್ಷೆಯ ಗೊಡವೆಯಿಲ್ಲದೆ ಓದುವವರಿಗೆ, ನಾನು ಮೊದಲು ಸೂಚಿಸುವುದು ಬಾರ್ಬರಾ ಮೋವಟ್ ಮತ್ತು ಪಾಲ್ ವರ್ಸ್ಟೈನ್ ಸಂಪಾದಿಸಿದ ಫೋಲ್ಜರ್ ಆವೃತ್ತಿಯನ್ನು. ಅದರಲ್ಲಿ ಒಂದು ಪುಟ ನಾಟಕಕ್ಕೆ, ಎದುರು ಪುಟ ಟಿಪ್ಪಣಿಗೆ ಮೀಸಲಾಗಿರುವುದರಿಂದ ಕಣ್ಣು ಅಕ್ಕಪಕ್ಕ ಮಾತ್ರ ಹೊರಳುತ್ತದೆ. ಪಾಠ ಎಲ್ಲಿಂದ ಬಂತೆಂಬುದು ಬೇರೆಬೇರೆ ಕಂಸಗಳ ಗುರುತಿನಿಂದ ಓದುತ್ತಿರುವಾಗಲೇ ತಿಳಿಯುತ್ತದೆ. ಫೋಲ್ಜರ್ ಗ್ರಂಥಾಲಯ ತನ್ನ ಜಾಲತಾಣದಲ್ಲಿ ಆ ನಾಟಕಪಾಠವನ್ನು ಉಚಿತವಾಗಿಯೇ ಕೊಡುತ್ತದೆ.

ಉಚಿತವೆಂದ ಕೂಡಲೆ ಒಂದು ಎಚ್ಚರಿಕೆ ಹೇಳಬೇಕು. ಅಂತರ್ಜಾಲದಲ್ಲಿ ಹರಿದಾಡುವ ಅನೇಕ ‘ಹ್ಯಾಮ್ಲೆಟ್’ ಪಾಠಗಳ ಮೂಲ 1864ರ ಗ್ಲೋಬ್ ಆವೃತ್ತಿ. ಅದು ತನ್ನ ಕಾಲಕ್ಕೆ ದೊಡ್ಡ ಕೆಲಸವೇ ಸರಿ. ಆದರೆ ಈಚಿನ ಗ್ರಂಥಸಂಪಾದನೆಯ ಫಲ ಅದರಲ್ಲಿಲ್ಲ, ಬೆರಕೆಯ ಗುರುತೂ ಇಲ್ಲ. ಒಂದು ಸಾಲು ಎಲ್ಲಿದೆಯೆಂದು ಹುಡುಕಲು ಅದನ್ನು ಬಳಸಬಹುದು, ಉದ್ಧರಿಸಲು ಬಳಸಬಾರದು. ಅಜ್ಜನ ಕಪಾಟಿನಲ್ಲಿ ಸಿಗುವ ಹಳೆಯ ಶಾಲಾ ಆವೃತ್ತಿಗಳ ಬಗೆಗೂ ಇದೇ ಎಚ್ಚರ ಬೇಕು. ಅವುಗಳ ಪದಾರ್ಥ ವಿವರಣೆ ಅನೇಕ ಸಲ ಇಂದಿನವಕ್ಕಿಂತ ನಿಧಾನವಾಗಿ, ತಾಳ್ಮೆಯಿಂದ ಸಾಗುತ್ತದೆಯಾದರೂ, ಮಕ್ಕಳು ಓದಬಾರದೆಂದು ಅಶ್ಲೀಲವೆನಿಸಿದ ಸಾಲುಗಳನ್ನು ಸದ್ದಿಲ್ಲದೆ ಕತ್ತರಿಸುವ ರೂಢಿ ಆಗ ಇತ್ತು. ಮೂರನೆಯ ಅಂಕದ ಎರಡನೆಯ ದೃಶ್ಯದಲ್ಲಿ, ನಾಟಕದೊಳಗಿನ ನಾಟಕ ಶುರುವಾಗುವ ಮುನ್ನ, ಒಫೀಲಿಯಳ ಮಡಿಲಲ್ಲಿ ತಲೆಯಿಡುವ ಕುರಿತು ಹ್ಯಾಮ್ಲೆಟ್ ಆಡುವ ಒರಟು ಮಾತುಗಳು ಇವೆಯೇ ಎಂದು ನೋಡಿದರೆ ಕತ್ತರಿಯ ಗುಟ್ಟು ಬಯಲಾಗುತ್ತದೆ.

ಇನ್ನು ಗೈಡಿನ ವಿಚಾರ. ಗೈಡುಗಳನ್ನು ಹೀಗಳೆಯುವ ಅಧ್ಯಾಪಕ ನಾನಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತಿನ ಸುಳಿವಿಲ್ಲದೆ ಬೆಳೆದು, ಹದಿನೆಂಟನೆಯ ವಯಸ್ಸಿನಲ್ಲಿ ನಾಲ್ಕು ಶತಮಾನಗಳ ಹಿಂದಿನ ಪದ್ಯನಾಟಕದ ಮುಂದೆ ಕುಳಿತ ಮಗುವಿಗೆ ಒಂದು ಊರುಗೋಲು ಬೇಕೇ ಬೇಕು. ತೊಂದರೆ ಬರುವುದು ಗೈಡನ್ನು ನಾಟಕಕ್ಕಿಂತ ಮೊದಲು ಓದಿದಾಗ. ಸಾರಾಂಶ ಓದಿ ಮುಗಿಸಿದವರಿಗೆ ಮೊದಲ ದೃಶ್ಯದ ಕತ್ತಲು ಕತ್ತಲಾಗಿ ಉಳಿಯುವುದಿಲ್ಲ. ‘ಹೂ ಈಸ್ ದೇರ್’ ಎಂದು ಕೇಳುವವನು ಪಾಳಿಯ ಮೇಲೆ ನಿಂತ ಕಾವಲುಗಾರನಲ್ಲ, ಅವನ ಜಾಗಕ್ಕೆ ಈಗ ತಾನೇ ಬರುತ್ತಿರುವವನು. ಕೇಳಬೇಕಾದವನ ಬದಲು ಕೇಳಬಾರದವನು ಕೇಳುವ ಆ ಒಂದೇ ಪ್ರಶ್ನೆಯಲ್ಲಿ ಕೋಟೆಯ ದಿಗಿಲೆಲ್ಲ ಇದೆ. ಸಾರಾಂಶದಲ್ಲಿ ಅದು ‘ಕಾವಲುಗಾರರು ಪ್ರೇತವನ್ನು ಕಾಣುತ್ತಾರೆ’ ಎಂಬ ಒಂದು ವಾಕ್ಯವಾಗಿರುತ್ತದೆ.

ಆದುದರಿಂದ ನಾನು ಹೇಳಿಕೊಡುವ ಕ್ರಮ ಇದು. ಒಂದು ದೃಶ್ಯವನ್ನು ಟಿಪ್ಪಣಿ ನೋಡದೆ, ಅರ್ಥವಾಗದ ಕಡೆ ಪೆನ್ಸಿಲಿನಿಂದ ಗೆರೆಯೆಳೆಯುತ್ತ, ನಿಲ್ಲದೆ ಗಟ್ಟಿಯಾಗಿ ಓದಿ. ಅನಂತರ ಅದೇ ದೃಶ್ಯವನ್ನು ಟಿಪ್ಪಣಿಗಳ ಸಮೇತ ನಿಧಾನವಾಗಿ ಓದಿ. ಏನು ನಡೆಯಿತು, ಯಾರು ಯಾರಿಂದ ಏನನ್ನು ಬಚ್ಚಿಟ್ಟರು ಎಂಬುದನ್ನು ಕನ್ನಡದಲ್ಲಿಯೇ ಮೂರು ನಾಲ್ಕು ವಾಕ್ಯಗಳಲ್ಲಿ ಬರೆದುಕೊಳ್ಳಿ. ಗೈಡನ್ನು ಆ ಮೇಲೆ ತೆರೆದು, ನೀವು ಬರೆದದ್ದರ ಜೊತೆ ಹೋಲಿಸಿ ನೋಡಿ. ನೀವು ಕಂಡದ್ದನ್ನು ಗೈಡು ಕಾಣದಿದ್ದರೆ ನಿಮ್ಮ ಸಾಲನ್ನು ಹೊಡೆದುಹಾಕಬೇಡಿ. ಪಠ್ಯಕ್ಕೆ ಮರಳಿ ಹೋಗಿ ನೋಡಿ.

ಎಡಕ್ಕೆ ಮೂಲ, ಬಲಕ್ಕೆ ಇಂದಿನ ಇಂಗ್ಲಿಷ್ ಇರುವ ಪುಸ್ತಕಗಳನ್ನು ಕುರಿತೂ ವಿದ್ಯಾರ್ಥಿಗಳು ಕೇಳುತ್ತಾರೆ. ಅವುಗಳಿಂದ ಆಗುವ ನಷ್ಟ ಎಂತಹುದೆಂದು ಒಂದು ಪದದಿಂದ ತೋರಿಸುತ್ತೇನೆ. ‘ಟು ಬಿ’ ಸ್ವಗತದಲ್ಲಿ, ಬರಿಯ ಒಂದು ದಬ್ಬಳದಿಂದ ಮನುಷ್ಯ ತನ್ನ ‘ಕ್ವೈಯೀಟಸ್’ ಅನ್ನು ತಾನೇ ಮಾಡಿಕೊಳ್ಳಬಹುದಾಗಿರುವಾಗ ಬಾಳಿನ ಹೊರೆಯನ್ನು ಯಾರು ಹೊರುತ್ತಾರೆ ಎಂಬ ಮಾತು ಬರುತ್ತದೆ. ಸರಳ ಪಾಠದವರು ಇದನ್ನು ‘ಜೀವನವನ್ನು ಕೊನೆಗೊಳಿಸಿಕೊಳ್ಳುವುದು’ ಎಂದು ಬಿಡಿಸುತ್ತಾರೆ. ಅರ್ಥ ತಪ್ಪಲ್ಲ. ಆದರೆ ಕ್ವೈಯೀಟಸ್ ಎಂಬುದು ಲೆಕ್ಕಪತ್ರದ ಮಾತು. ಸಾಲ ತೀರಿತು, ಇನ್ನು ಬಾಕಿಯಿಲ್ಲ ಎಂದು ಬರೆದುಕೊಡುತ್ತಿದ್ದ ಲ್ಯಾಟಿನ್ ಒಕ್ಕಣೆಯಿಂದ ಬಂದದ್ದು. ನಮ್ಮಲ್ಲಿ ‘ಲೆಕ್ಕ ಚುಕ್ತಾ ಮಾಡಿದೆ’ ಎನ್ನುವುದಿಲ್ಲವೇ, ಅದೇ. ಬದುಕು ಒಂದು ಸಾಲ, ಸಾವು ಅದರ ಚುಕ್ತಾ ಚೀಟಿ ಎಂಬ ಚಿತ್ರವಿಡೀ ಸರಳ ಪಾಠದಲ್ಲಿ ಅಳಿಸಿಹೋಗುತ್ತದೆ. ಕನ್ನಡದ ಓದುಗರಿಗೆ ಇಂಗ್ಲಿಷಿನ ಸರಳ ಪಾಠಕ್ಕಿಂತ ಒಂದು ಒಳ್ಳೆಯ ಟಿಪ್ಪಣಿಯೂ ತಮ್ಮ ಮನೆಮಾತಿನ ಒಂದು ಪದವೂ ಹೆಚ್ಚು ಹತ್ತಿರ ಕರೆದೊಯ್ಯುತ್ತವೆಂದು ನಾನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಗೈಡಿನ ಕೆಲವು ಹೇಳಿಕೆಗಳನ್ನು ಪಠ್ಯದೊಡನೆ ತಾಳೆನೋಡದೆ ಒಪ್ಪಬಾರದು. ಹ್ಯಾಮ್ಲೆಟ್ ತಾಯಿಯನ್ನು ಕಾಣುವ ಜಾಗವನ್ನು ಶಯನಗೃಹವೆಂದು ಬರೆದಿರುತ್ತಾರೆ. ಮೂಲದಲ್ಲಿರುವ ‘ಕ್ಲಾಸೆಟ್’ ಎಂಬುದಕ್ಕೆ ಆಗ ಖಾಸಗಿ ಕೋಣೆ ಎಂದಷ್ಟೇ ಅರ್ಥ, ಮಂಚ ಅಲ್ಲಿ ಬಂದದ್ದು ಈಚಿನ ರಂಗಪ್ರಯೋಗಗಳಲ್ಲಿ. ಐದು ಅಂಕಗಳನ್ನು ಏರಿಳಿತದ ನಕ್ಷೆಯಾಗಿ ಬಿಡಿಸಿ ಮೂರನೆಯ ಅಂಕವನ್ನು ತುದಿಯಲ್ಲಿ ಇಟ್ಟಿರುತ್ತಾರೆ. ಕ್ವಾರ್ಟೊಗಳಲ್ಲಿ ಅಂಕವಿಭಾಗವೇ ಇಲ್ಲ. ಫೋಲಿಯೊ ಅದನ್ನು ಎರಡನೆಯ ಅಂಕದ ಎರಡನೆಯ ದೃಶ್ಯದವರೆಗೆ ಮಾತ್ರ ಗುರುತಿಸಿ ಕೈಬಿಟ್ಟಿದೆ. ಮುಂದಿನ ವಿಭಾಗಗಳು 1676ರ ಮುದ್ರಣದಿಂದ ಬಂದವು. ಅದರಲ್ಲಿಯೂ ನಾಲ್ಕನೆಯ ಅಂಕ ಆರಂಭವಾಗುವ ಜಾಗ ವಿಚಿತ್ರವಾದದ್ದು: ಫೋಲಿಯೊದಲ್ಲಿ ರಾಣಿ ರಂಗದಿಂದ ಹೋಗಿಯೇ ಇರುವುದಿಲ್ಲ, ಪೊಲೋನಿಯಸನ ಹೆಣವನ್ನು ಎಳೆದುಕೊಂಡು ಮಗ ಹೋಗುತ್ತಾನೆ, ಗಂಡ ಒಳಗೆ ಬರುತ್ತಾನೆ. ಒಂದೇ ಉಸಿರಿನ ಘಟನೆಯ ನಡುವೆ ಅಂಕ ಬದಲಾಗುತ್ತದೆ. ಅಂಕದ ಅಂಕಿಗಳು ಪುಟ ಹುಡುಕಲು ಬೇಕು. ನಾಟಕದ ರಚನೆಯ ಬಗ್ಗೆ ಅವುಗಳ ಮೇಲೆ ವಾದ ಕಟ್ಟಬಾರದು.

ಎಲ್ಲಕ್ಕಿಂತ ಹೆಚ್ಚಾಗಿ, ‘ವಿಳಂಬವೇ ಹ್ಯಾಮ್ಲೆಟನ ದೌರ್ಬಲ್ಯ’ ಎಂಬ ವಾಕ್ಯ. ತಂದೆಯ ಕೊಲೆಗೆ ಸೇಡು ತೀರಿಸಿಕೊಳ್ಳಲು ತಡಮಾಡುವುದೇ ಅವನ ದೋಷವೆಂದು ಅದರ ಅರ್ಥ. ಇದು ನಿರ್ವಿವಾದದ ಸತ್ಯವೆಂಬಂತೆ ಗೈಡಿನಿಂದ ಗೈಡಿಗೆ ಸಾಗುತ್ತದೆ. ವಾಸ್ತವವಾಗಿ ಇದಕ್ಕೆ ಒಂದು ಚರಿತ್ರೆಯಿದೆ: ಭಾರ ಹೊರಲಾರದ ಕೋಮಲ ಜೀವವೆಂದು ಅವನನ್ನು ಕಂಡ ಜರ್ಮನ್ ಕವಿ ಗಯಟೆ, ಯೋಚನೆಯ ಅತಿರೇಕದಲ್ಲಿ ಕ್ರಿಯೆ ಉಡುಗಿತೆಂದ ಇಂಗ್ಲಿಷ್ ಕವಿ ಕೋಲ್‌ರಿಜ್, 1904ರ ತಮ್ಮ ಉಪನ್ಯಾಸ ಸಂಪುಟದಲ್ಲಿ ಅದಕ್ಕೆ ವಿಷಾದರೋಗವೇ ಕಾರಣವೆಂದ ವಿಮರ್ಶಕ ಎ.ಸಿ. ಬ್ರಾಡ್ಲಿ, ಇವರೆಲ್ಲರ ಮಾತು ಸವೆದು ಸವೆದು ಆ ಒಂದು ವಾಕ್ಯವಾಗಿದೆ. ವಿಳಂಬದ ವಾದಕ್ಕೆ ಪಠ್ಯದಲ್ಲಿ ಸಿಗುವ ಬಲವಾದ ಸಾಕ್ಷ್ಯಗಳಲ್ಲಿ ಒಂದು, ಫೋರ್ಟಿನ್‌ಬ್ರಾಸನ ಸೈನ್ಯವನ್ನು ಕಂಡಾಗಿನ ಆ ಸ್ವಗತ. ಅದು ಫೋಲಿಯೊದಲ್ಲಿ ಇಲ್ಲವೇ ಇಲ್ಲ. ಎರಡನೆಯ ಅಂಕದ ಕೊನೆಯಲ್ಲಿ ಅವನು ತನ್ನನ್ನು ಹಳಿದುಕೊಳ್ಳುವುದು ಎರಡರಲ್ಲಿಯೂ ಇರುವುದರಿಂದ ವಾದ ಪೂರ್ತಿ ಬಿದ್ದುಹೋಗುವುದಿಲ್ಲ. ಆದರೆ ಫೋಲಿಯೊದ ಹ್ಯಾಮ್ಲೆಟ್ ಇಂಗ್ಲೆಂಡಿಗೆ ಹೊರಡುವಾಗ ತನ್ನನ್ನು ಇನ್ನೊಮ್ಮೆ ಶಪಿಸಿಕೊಳ್ಳದೆ ಹೊರಡುತ್ತಾನೆ, ಹಡಗಿನಿಂದ ಮರಳಿದ ಮೇಲಿನ ಅವನ ಶಾಂತಿ ಬೇರೆಯದಾಗಿ ಕಾಣುತ್ತದೆ. ಅಂದು ತರಗತಿಯಲ್ಲಿ ಪುಸ್ತಕ ಹಿಂತಿರುಗಿಸಲು ಹೊರಟವಳು ಮುಂದೆ ತನ್ನ ಪ್ರಬಂಧಕ್ಕೆ ಇದನ್ನೇ ವಿಷಯವಾಗಿ ಆರಿಸಿಕೊಂಡಳು.

ಚಲನಚಿತ್ರವನ್ನೂ ಗೈಡಿನಂತೆ ಬಳಸುವವರಿದ್ದಾರೆ. ಕೆನೆತ್ ಬ್ರಾನಾ 1996ರಲ್ಲಿ ತೆಗೆದದ್ದು ನಾಲ್ಕು ಗಂಟೆಗಳಷ್ಟಿದ್ದು ತುಂಬು ಪಾಠವನ್ನು ಬಳಸುತ್ತದೆ; ಲಾರೆನ್ಸ್ ಆಲಿವಿಯರನ 1948ರ ಚಿತ್ರದಲ್ಲಿ ಫೋರ್ಟಿನ್‌ಬ್ರಾಸನೂ ಇಲ್ಲ, ಹ್ಯಾಮ್ಲೆಟನ ಹಳೆಯ ಗೆಳೆಯರಾದ ರೋಸೆನ್‌ಕ್ರಾಂಟ್ಸ್ ಮತ್ತು ಗಿಲ್ಡನ್‌ಸ್ಟರ್ನರೂ ಇಲ್ಲ. ಕನ್ನಡದಲ್ಲಿ ಓದಬಯಸುವವರು ಕುವೆಂಪು ಅವರ ‘ರಕ್ತಾಕ್ಷಿ’ಯನ್ನು ಅನುವಾದವೆಂದು ಹಿಡಿಯಬಾರದು, ಕತೆಯನ್ನು ಬಿದನೂರಿಗೆ ತಂದು ನೆಟ್ಟ ರೂಪಾಂತರ ಅದು. ಮೂಲ ಓದಿದ ಮೇಲೆ ಓದಿದರೆ ಏನು ಉಳಿಯಿತು, ಏನು ಮಲೆನಾಡಿನದಾಯಿತು ಎಂದು ನೋಡುವ ಸಂತೋಷವೇ ಬೇರೆ.

ಉತ್ತರಪತ್ರಿಕೆಯಲ್ಲಿಯೋ ಪ್ರಬಂಧದಲ್ಲಿಯೋ ಉದ್ಧರಿಸುವಾಗ ಅಂಕ, ದೃಶ್ಯ, ಸಾಲುಗಳ ಜೊತೆಗೆ ಆವೃತ್ತಿಯ ಹೆಸರನ್ನೂ ಒಮ್ಮೆ ಬರೆಯಿರಿ. ಈ ನಾಟಕದಲ್ಲಿ ಗದ್ಯ ಹೇರಳವಾಗಿದೆ. ಗದ್ಯದ ಸಾಲು ಪುಟದ ಅಗಲಕ್ಕೆ ತಕ್ಕಂತೆ ಮುರಿಯುವುದರಿಂದ, ಎರಡನೆಯ ಅಂಕದ ಎರಡನೆಯ ದೃಶ್ಯದಂತಹ ಕಡೆ ಒಂದು ಪುಸ್ತಕದ ಸಾಲಿನ ಅಂಕಿ ಇನ್ನೊಂದರಲ್ಲಿ ಹಲವು ಸಾಲು ಹಿಂದೋ ಮುಂದೋ ಬೀಳುತ್ತದೆ. ಗೈಡಿನಿಂದ ಅಂಕಿಯನ್ನು ನಕಲು ಮಾಡಿ ಪುಸ್ತಕದಿಂದ ಮಾತನ್ನು ಎತ್ತಿಕೊಂಡರೆ ಎರಡೂ ತಾಳೆಯಾಗುವುದಿಲ್ಲ. ಮೌಲ್ಯಮಾಪಕರಿಗೆ ಅದು ಕೂಡಲೆ ಕಾಣುತ್ತದೆ. ಮಾತು, ಅಂಕಿ ಎರಡನ್ನೂ ಒಂದೇ ಪುಸ್ತಕದಿಂದ ತೆಗೆದುಕೊಳ್ಳಿ. ಆ ಪುಸ್ತಕದ ಮೊದಲ ಖಾಲಿ ಹಾಳೆಯ ಮೇಲೆ ಅದರ ಆಧಾರ ಕ್ವಾರ್ಟೊವೋ ಫೋಲಿಯೊವೋ ಬೆರೆಸಿದ ಪಾಠವೋ ಎಂಬುದನ್ನು ಕೊಂಡ ದಿನವೇ ಪೆನ್ಸಿಲಿನಲ್ಲಿ ಬರೆದಿಡಿ.